ಚರ್ಮ ಕಳಚುವ ಕಿಣ್ವಕ್ಕೆ ಕಡಿವಾಣ ತಪ್ಪಿದಾಗ: ನೆದರ್ಟನ್ ಸಿಂಡ್ರೋಮ್

ಮನುಷ್ಯನ ಚರ್ಮ ದಿನವೂ ಉದುರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಹೊರಪದರದ ಸತ್ತ ಕೋಶಗಳನ್ನು ಒಂದಕ್ಕೊಂದು ಬಂಧಿಸಿರುವ ಪ್ರೋಟೀನು ಕೊಂಡಿಗಳನ್ನು ಕತ್ತರಿಸಿ ಅವುಗಳನ್ನು ಕಳಚುವ ಕೆಲಸ ಕ್ಯಾಲಿಕ್ರೀನ್ ಎಂಬ ಕಿಣ್ವಗಳದ್ದು. ಈ ಕತ್ತರಿಗೆ ಕಡಿವಾಣ ಇಲ್ಲದಾದಾಗ ತಲೆದೋರುವ ಆನುವಂಶಿಕ ಕಾಯಿಲೆ ನೆದರ್ಟನ್ ಸಿಂಡ್ರೋಮ್. ಸುಮಾರು 2 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆಂಬುದು ಅಂದಾಜು.

1949ರಲ್ಲಿ ಇಟಲಿಯ ವೈದ್ಯ ಕೊಮೆಲ್ ಇದರ ಚರ್ಮಲಕ್ಷಣವನ್ನೂ, 1958ರಲ್ಲಿ ಅಮೆರಿಕದ ನೆದರ್ಟನ್ ಕೂದಲಿನ ದೋಷವನ್ನೂ ವರ್ಣಿಸಿದರು. ಸೂಕ್ಷ್ಮದರ್ಶಕದಲ್ಲಿ ರೋಗಿಯ ಕೂದಲು ಗೆಣ್ಣುಗೆಣ್ಣಾಗಿ ಬಿದಿರಿನಂತೆ ಕಾಣುತ್ತದೆ. ಕಾರಣ ತಿಳಿಯಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. 5ನೇ ವರ್ಣತಂತುವಿನಲ್ಲಿರುವ ಸ್ಪಿಂಕ್5 ಎಂಬ ವಂಶವಾಹಿ ಕೆಟ್ಟಿರುತ್ತದೆ ಎಂಬುದು ಆಗ ಗೊತ್ತಾಯಿತು.

ಈ ವಂಶವಾಹಿ ತಯಾರಿಸುವ ಲೆಕ್ಟಿ ಎಂಬ ಪ್ರೋಟೀನೇ ಕಿಣ್ವಗಳ ಕಡಿವಾಣ. ಇಲ್ಲಿ ಪ್ರಕೃತಿಯ ಏರ್ಪಾಡು ಸೊಗಸಾಗಿದೆ. ಹೊರಪದರದ ತಳಭಾಗದಲ್ಲಿ ಆಮ್ಲೀಯತೆ ಕಡಿಮೆ. ಅಲ್ಲಿ ಲೆಕ್ಟಿ ಕ್ಯಾಲಿಕ್ರೀನನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮೇಲಕ್ಕೆ ಬಂದಂತೆ ಆಮ್ಲೀಯತೆ ಹೆಚ್ಚಿ ಹಿಡಿತ ಸಡಿಲವಾಗುತ್ತದೆ; ಕಿಣ್ವ ಬಿಡುಗಡೆಗೊಂಡು ಅಂಚಿನ ಕೋಶಗಳನ್ನಷ್ಟೇ ಉದುರಿಸುತ್ತದೆ. ಲೆಕ್ಟಿ ಇಲ್ಲದ ಚರ್ಮದಲ್ಲಿ ಕ್ಯಾಲಿಕ್ರೀನ್ 5 ತಳದಲ್ಲಿಯೇ ಕತ್ತರಿಸತೊಡಗುತ್ತದೆ, ಕ್ಯಾಲಿಕ್ರೀನ್ 7ನ್ನೂ ಚುರುಕುಗೊಳಿಸುತ್ತದೆ. ಸಾಲದೆಂಬಂತೆ ಉರಿಯೂತದ ಸಂಕೇತಗಳನ್ನೂ ಎಬ್ಬಿಸುತ್ತದೆ. ಚರ್ಮ ಕೆಂಪಗಾಗಿ ಸುಲಿಯುತ್ತದೆ, ಅಲರ್ಜಿ ಬೆನ್ನುಹತ್ತುತ್ತದೆ.

ಅಪಾಯ ಹೆಚ್ಚಿರುವುದು ಹಸುಗೂಸುಗಳಿಗೆ. ಮೈಯ ನೀರು ಚರ್ಮದ ಮೂಲಕ ಸೋರಿಹೋಗಿ ರಕ್ತದಲ್ಲಿ ಸೋಡಿಯಂ ಏರುತ್ತದೆ, ಸೋಂಕು ಸುಲಭವಾಗಿ ಒಳನುಗ್ಗುತ್ತದೆ. ಕೆಲವು ಶಿಶುಗಳು ಇದರಿಂದಲೇ ಸಾವನ್ನಪ್ಪುತ್ತವೆ. ಬದುಕುಳಿದ ಮಕ್ಕಳ ಕಾಯಿಲೆಯನ್ನು ಸಾಮಾನ್ಯ ಇಸುಬು ಎಂದು ತಪ್ಪಾಗಿ ತಿಳಿಯುವುದುಂಟು. ಇದು ಬರೀ ಹೆಸರಿನ ಗೊಂದಲವಲ್ಲ. ಇಸುಬಿಗೆ ಹಚ್ಚುವ ಟ್ಯಾಕ್ರೋಲಿಮಸ್ ಮುಲಾಮು ಈ ತೆಳು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮಿತಿಮೀರಿದ ಪ್ರಮಾಣ ತಲುಪಿದ್ದು 2001ರಲ್ಲಿ ಮೂವರು ರೋಗಿಗಳಲ್ಲಿ ವರದಿಯಾಯಿತು. ಸ್ಟಿರಾಯ್ಡ್ ಮುಲಾಮಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಬಿದಿರುಗೂದಲು ಹಸುಗೂಸಿನಲ್ಲಿ ಕಾಣದಿರಬಹುದು. ಹುಬ್ಬಿನ ಕೂದಲನ್ನೂ ಪರೀಕ್ಷಿಸಬೇಕಾಗುತ್ತದೆ. ಚರ್ಮದ ತುಣುಕಿನಲ್ಲಿ ಲೆಕ್ಟಿಗಾಗಿ ಹುಡುಕುವುದು, ವಂಶವಾಹಿ ಪರೀಕ್ಷೆ ಇವು ಇನ್ನೂ ಖಚಿತ.

ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧ ಇಲ್ಲ. ತೇವ ಉಳಿಸುವ ಮುಲಾಮು, ಸೋಂಕಿನ ಚಿಕಿತ್ಸೆಗಳೇ ಮುಖ್ಯ ಆಧಾರ. ಡುಪಿಲುಮ್ಯಾಬ್ ಚುಚ್ಚುಮದ್ದಿನಿಂದ ಕೆಲವರಿಗೆ ಉಪಶಮನ ಸಿಕ್ಕಿದೆ. ಕ್ಯಾಲಿಕ್ರೀನನ್ನೇ ತಡೆಯುವ ಔಷಧಕ್ಕಾಗಿ ಸಂಶೋಧನೆ ನಡೆದಿದೆ.

ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಸೋದರಮಾವನೊಂದಿಗಿನ ಮದುವೆ ಇಂದಿಗೂ ಉಳಿದಿರುವ ಕರ್ನಾಟಕದಂಥ ಕಡೆ ಈ ಲೆಕ್ಕಕ್ಕೆ ಹೆಚ್ಚಿನ ತೂಕವಿದೆ. ಕುಟುಂಬದ ದೋಷ ಯಾವುದೆಂದು ಮೊದಲೇ ಗುರುತಾಗಿದ್ದರೆ ಮುಂದಿನ ಗರ್ಭದಲ್ಲಿ ಅದನ್ನು ಪರೀಕ್ಷಿಸಿ ತಿಳಿಯಬಹುದು.