ನೆರೆ ನಕ್ಷೆ ಅಂದರೆ ರಾಜಕಾಲುವೆ ನಕ್ಷೆಯಲ್ಲ: ಹಳೇ ಬೆಂಗಳೂರಿಗರು ತಿಳಿದಿರಬೇಕಾದ್ದು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಅಂದ ಕೂಡಲೇ ಕೇಳಿಬರುವ ಮಾತೊಂದಿದೆ: "ಅವೆಲ್ಲ ಪ್ಲ್ಯಾನ್ ಮಾಡಿ ಕಟ್ಟಿದ ಬಡಾವಣೆಗಳು, ಅಲ್ಲಿ ನೀರು ನುಗ್ಗಲ್ಲ." ಇದು ಅರ್ಧ ನಿಜ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಾಗಲಿ ಬಹುಪಾಲು ಎತ್ತರದ ಜಾಗದಲ್ಲಿವೆ. ಆದರೆ ದಿಣ್ಣೆಯ ಮೇಲೆ ಬಿದ್ದ ಮಳೆ ಕೆಳಗಿನ ಬೀದಿಗೆ ಇಳಿಯಲೇಬೇಕಲ್ಲ? ದೊಡ್ಡ ಬಸವಣ್ಣನ ಗುಡಿಯ ಬಳಿ ವೃಷಭಾವತಿ ಹುಟ್ಟುತ್ತಾಳೆ ಅನ್ನುವುದು ಹಳೆಯ ನಂಬಿಕೆ. ಇನ್ನೊಂದು ಕವಲನ್ನು ಕಾಡು ಮಲ್ಲೇಶ್ವರ ದೇವಸ್ಥಾನದ ಕಡೆಯಿಂದ ಗುರುತಿಸುತ್ತಾರೆ. ಅಂದರೆ ನಾವು ಕೂತಿರುವುದು ನದಿಯ ತಲೆಯ ಮೇಲೆ. ಹಾಗಾಗಿ ನೆರೆ ನಕ್ಷೆಯ ಮಾತು ಮಹದೇವಪುರ, ಬೆಳ್ಳಂದೂರಿನವರದ್ದು ಮಾತ್ರವಲ್ಲ.

ಎರಡು ನಕ್ಷೆ, ಎರಡು ಕೆಲಸ

ನಮ್ಮಲ್ಲಿ ಹೆಚ್ಚು ಚರ್ಚೆಯಾಗುವುದು ರಾಜಕಾಲುವೆ ನಕ್ಷೆ. ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳ, ಖರಾಬು ಎಲ್ಲಿತ್ತು ಅಂತ ನೋಡಿ ಒತ್ತುವರಿ ಗುರುತಿಸಲು ಅದು ಬೇಕು. ಅದರ ಜೊತೆಗೇ ಬರುವುದು ಬಫರ್ ಜೋನ್. 2015ರ ಮಾಸ್ಟರ್ ಪ್ಲ್ಯಾನ್ ಪ್ರಕಾರ ಕಾಲುವೆಯ ಮಧ್ಯದಿಂದ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರಗಳನ್ನು ಬದಲಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಬದಲಾವಣೆಯನ್ನು ರದ್ದುಪಡಿಸಿತು.

ನೆರೆ ನಕ್ಷೆಯ ಕೆಲಸವೇ ಬೇರೆ. ಇಷ್ಟು ಮಳೆ ಬಿದ್ದರೆ ಯಾವ ಬೀದಿಯಲ್ಲಿ ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ನೀರು ನಿಲ್ಲುತ್ತದೆ ಅಂತ ಅದು ಹೇಳಬೇಕು. ಬಫರ್ ಅಳೆಯುವುದು ಟೇಪಿನಿಂದ, ನೆರೆ ಅಳೆಯುವುದು ನೆಲದ ಇಳಿಜಾರಿನಿಂದ. ಕಾಲುವೆಯಿಂದ ಹತ್ತೇ ಮೀಟರ್ ದೂರದ ಮನೆ ದಿಣ್ಣೆಯ ಮೇಲಿದ್ದರೆ ಒಣಗಿರಬಹುದು, ಇನ್ನೂರು ಮೀಟರ್ ದೂರದ ಅಂಡರ್‌ಪಾಸ್ ಮುಳುಗಬಹುದು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ 22 ವರ್ಷದ ಯುವತಿ ಸತ್ತದ್ದು ಊರಿನ ನಡುಮಧ್ಯೆಯೇ. ಅಂಥ ತಗ್ಗನ್ನು ತೋರಿಸುವುದು ನೆರೆ ನಕ್ಷೆಯ ಕೆಲಸ, ಬಫರ್ ಗೆರೆಯದ್ದಲ್ಲ.

ಹಳೆಯ ನಕ್ಷೆ ಯಾಕೆ ಸಾಲದು?

ನೆಲ ಬದಲಾಗಿದೆ, ಅದಕ್ಕೆ. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತು 2021ರಲ್ಲಿ ಬಂದ ಸಿಎಜಿ ವರದಿಯ ಒಂದು ಲೆಕ್ಕ ನೋಡಿ. 1900ರ ದಶಕದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿದ್ದ ಕಾಲುವೆಗಳ ಉದ್ದ ಸುಮಾರು 226 ಕಿ.ಮೀ. 2016-17ಕ್ಕೆ ಅದು 112 ಕಿ.ಮೀ.ಗೆ ಇಳಿದಿತ್ತು. ಅರ್ಧದಷ್ಟು ಕಾಲುವೆ ಮಾಯ! ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಗವಿಪುರದ ಪಕ್ಕದ ಕೆಂಪಾಂಬುಧಿ ಮಾತ್ರ ಉಳಿದಿದೆ. ಹೆಂಚಿನ ಮನೆ, ತೋಟವಿದ್ದ ಸೈಟುಗಳಲ್ಲಿ ಈಗ ಅಪಾರ್ಟ್‌ಮೆಂಟು, ಅಂಗಳಕ್ಕೆಲ್ಲ ಕಾಂಕ್ರೀಟು. ನೆಲಕ್ಕೆ ಇಂಗುತ್ತಿದ್ದ ನೀರು ಈಗ ರಸ್ತೆಗೆ ಬರುತ್ತದೆ. ಮೇಲಿನವರ ಈ ನೀರಿನ ಲೆಕ್ಕ ಕಟ್ಟುವವರು ಕೆಳಗಿನವರು. 2017ರ ಅಕ್ಟೋಬರ್‌ನಲ್ಲಿ ಕುರುಬರಹಳ್ಳಿ, 2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿ, ಎರಡೂ ಇದೇ ಕಣಿವೆಯವು.

ತಂತ್ರಜ್ಞಾನ ಇಲ್ಲ ಅಂತೇನಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ 'ಮೇಘ ಸಂದೇಶ' ಆ್ಯಪ್ 2020ರಿಂದಲೇ ಇದೆ. ಮಳೆಮಾಪಕಗಳಿವೆ, ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿವೆ. ಆದರೆ ಕಂಪ್ಯೂಟರ್ ಮಾದರಿಗೆ ಮೋರಿ ಎಲ್ಲಿ ಕಟ್ಟಿಕೊಂಡಿದೆ, ಯಾವ ಕಾಂಪೌಂಡ್ ಗೋಡೆ ನೀರನ್ನು ಪಕ್ಕದ ಬೀದಿಗೆ ತಿರುಗಿಸುತ್ತದೆ ಅನ್ನುವುದು ತಾನಾಗಿ ಗೊತ್ತಾಗಲ್ಲ. ಅದು ಗೊತ್ತಿರುವುದು ಆ ಬೀದಿಯವರಿಗೆ.

ಹಾಗಾದರೆ ಜನ ಯಾಕೆ ಹೇಳಲ್ಲ?

ನಾನು ಈ ಭಾಗದ ತಗ್ಗಿನ ಬೀದಿಗಳಲ್ಲಿ ವಿಚಾರಿಸಿದಾಗಲೆಲ್ಲ ಒಂದು ವಿಚಿತ್ರ ಕಂಡಿದ್ದೇನೆ. ಹೊಸಿಲಿನ ಮುಂದೆ ಮೊಣಕಾಲೆತ್ತರದ ಕಟ್ಟೆ ಕಟ್ಟಿರುತ್ತಾರೆ, "ನೀರು ಬರುತ್ತಾ?" ಅಂದರೆ "ಇಲ್ಲಪ್ಪ, ಹಾಗೇನಿಲ್ಲ" ಅಂತಾರೆ. ಸುಳ್ಳು ಹೇಳುವ ಚಟವಲ್ಲ ಅದು, ಭಯ. ಮಾಲೀಕರಿಗೆ ಬಾಡಿಗೆ, ಸೈಟಿನ ಬೆಲೆ ಬಿದ್ದೀತು ಅನ್ನುವ ಚಿಂತೆ. ಅದಕ್ಕಿಂತ ದೊಡ್ಡದು ಜೆಸಿಬಿ ಬಂದೀತು ಅನ್ನುವ ಚಿಂತೆ. ಈ ಊರಲ್ಲಿ 'ನಕ್ಷೆ' ಅಂದರೆ ಗೋಡೆಯ ಮೇಲೆ ಬಣ್ಣದ ಗುರುತು ಹಾಕಿಹೋಗುವವರು ಅಂತ ಜನ ಕಲಿತುಬಿಟ್ಟಿದ್ದಾರೆ. ನೀರಿನ ಬಗ್ಗೆ ನಿಜ ಹೇಳಲು ಅಭ್ಯಂತರವಿಲ್ಲದವರು ಬಾಡಿಗೆದಾರರು, ಅವರನ್ನು ಯಾರೂ ಕೇಳಲ್ಲ.

ಆದ್ದರಿಂದ ಜನರ ಭಾಗವಹಿಸುವಿಕೆ ಬೇಕಾದರೆ ಮೊದಲು ಈ ಎರಡು ನಕ್ಷೆಗಳನ್ನು ಬೇರ್ಪಡಿಸಬೇಕು. ನೆರೆ ನಕ್ಷೆಗೆ ಮನೆಯವರು ಕೊಟ್ಟ ಮಾಹಿತಿಯನ್ನು ಅದೇ ಮನೆಯ ತೆರವಿಗೆ ಸಾಕ್ಷಿಯಾಗಿ ಬಳಸುವುದಿಲ್ಲ ಅಂತ ಲಿಖಿತವಾಗಿ ಹೇಳಬೇಕು. ಒತ್ತುವರಿ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಸರ್ವೆ ದಾಖಲೆಗಳಿವೆ, ಅದರ ಹಾದಿ ಬೇರೆ.

ಬೇರೆ ಕಡೆ ಹೇಗೆ?

ಐರೋಪ್ಯ ಒಕ್ಕೂಟದ 2007ರ ನಿರ್ದೇಶನ ನೆರೆ ನಕ್ಷೆಗಳನ್ನು ಆರು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎನ್ನುತ್ತದೆ. ಅಮೆರಿಕದಲ್ಲಿ ಮೊದಲು ಕರಡು ನಕ್ಷೆ ಬರುತ್ತದೆ, ಆಮೇಲೆ ಆಕ್ಷೇಪಕ್ಕೆ 90 ದಿನ. ಬರೀ ಅಸಮಾಧಾನ ಸಾಲದು, ಅಳತೆಯ ಪುರಾವೆ ಕೊಡಬೇಕು. ನಮ್ಮ ಕೇಂದ್ರ ಜಲ ಆಯೋಗ ನೆರೆ ಬಯಲು ವಲಯೀಕರಣಕ್ಕೆ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳಿಸಿದ್ದು 1975ರಲ್ಲೇ. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಕಾನೂನು ಮಾಡಿದವು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ.

ಇಲ್ಲಿ ಮಾಡಬಹುದಾದ್ದು

ಕರಡು ನಕ್ಷೆಯನ್ನು ಕನ್ನಡದಲ್ಲಿ, ಬೀದಿಗಳ ಹೆಸರು ಓದಲು ಬರುವ ಅಳತೆಯಲ್ಲಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ವೆಬ್‌ಸೈಟಿನಲ್ಲಿ ಪಿಡಿಎಫ್ ಹಾಕಿ ಕೈತೊಳೆದುಕೊಳ್ಳಬೇಡಿ. ವಾರ್ಡ್ ಸಮಿತಿ ಸಭೆಯಲ್ಲಿ ಅದಕ್ಕೇ ಒಂದು ದಿನ ಇಡಿ. ಆಕ್ಷೇಪಕ್ಕೆ ಕನಿಷ್ಠ ಒಂದು ಮಳೆಗಾಲ ದಾಟುವಷ್ಟು ಸಮಯ ಕೊಡಿ, ಯಾಕೆಂದರೆ ನಕ್ಷೆಯನ್ನು ಪರೀಕ್ಷಿಸುವುದು ಮಳೆ. ಪ್ರತಿ ಆಕ್ಷೇಪಕ್ಕೂ ಒಪ್ಪಿದ್ದೇವೆ ಅಥವಾ ಒಪ್ಪಿಲ್ಲ, ಕಾರಣ ಇದು ಅಂತ ಉತ್ತರ ಬರಲಿ.

ಇನ್ನೊಂದು ತೊಡಕು ಹೊಸದು. 2025ರ ಸೆಪ್ಟೆಂಬರ್‌ನಿಂದ ಊರಿಗೆ ಐದು ನಗರ ಪಾಲಿಕೆಗಳು. ನೀರಿಗೆ ಆ ಗಡಿ ಗೊತ್ತಿಲ್ಲ, ವೃಷಭಾವತಿ ಕಣಿವೆ ಒಂದಕ್ಕಿಂತ ಹೆಚ್ಚು ಪಾಲಿಕೆಗಳಲ್ಲಿ ಹರಡಿದೆ. ಹಾಗಾಗಿ ನಕ್ಷೆ ಕಣಿವೆವಾರು ಆಗಬೇಕು, ಹೊಣೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದಾಗಬೇಕು.

ನಮ್ಮ ಪಾಲಿನದ್ದೂ ಇದೆ. ನೀರು ನಿಂತಾಗ ಫೋಟೋ ತೆಗೆಯಿರಿ. ದಿನಾಂಕ, ಗಂಟೆ, ಮನೆಯ ಮೆಟ್ಟಿಲಿನ ಲೆಕ್ಕದಲ್ಲಿ ನೀರಿನ ಎತ್ತರ ಬರೆದಿಡಿ. ಎಷ್ಟು ಹೊತ್ತಿಗೆ ಇಳಿಯಿತು ಅನ್ನುವುದನ್ನೂ ಬರೆಯಿರಿ. ನಿಮ್ಮದು ದಿಣ್ಣೆಯ ಮೇಲಿನ ಮನೆಯಾದರೆ, ನಿಮ್ಮ ತಾರಸಿಯ ನೀರು ಯಾವ ಬೀದಿಗೆ ಹೋಗುತ್ತದೆ ಅಂತ ಒಂದು ಮಳೆಯಲ್ಲಿ ಕೊಡೆ ಹಿಡಿದು ನೋಡಿಬನ್ನಿ. ಕರಡು ನಕ್ಷೆ ಬಂದ ದಿನ ಮೇಜಿನ ಮೇಲೆ ಇಡಲು ಅಷ್ಟಾದರೂ ನಮ್ಮ ಕೈಯಲ್ಲಿರಲಿ.