ಚಿಮಣಿಯಿಲ್ಲದ ಕಾರ್ಖಾನೆ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಮಲವಗೊಪ್ಪವನ್ನು ಹಾಯುವಾಗ, ಬಹುಕಾಲದಿಂದ ಬಾಗಿಲು ಮುಚ್ಚಿರುವ ತುಂಗಭದ್ರಾ ಸಕ್ಕರೆ ಕಾರ್ಖಾನೆಯ ನೆನಪು ಈ ಭಾಗದ ಹಿರಿಯರಿಗೆ ಬಾರದಿರದು. ಮುಂದೆ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯುಂಟು, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಉಂಟು. ಪರದೇಶದ ವಿದ್ಯೆಯು ಬಡನಾಡಿನಲ್ಲಿ ಬೇರೂರಿದ ಬಗೆಯೂ ಬಾಡಿದ ಬಗೆಯೂ ಈ ಒಂದೇ ದಾರಿಯಲ್ಲಿ ಕಾಣುವುದರಿಂದ, ಕೃತಕ ಬುದ್ಧಿಮತ್ತೆಯೆಂಬ ಹೊಸ ವಿದ್ಯೆಯ ಚರಿತ್ರೆಯನ್ನು ಇಲ್ಲಿ ನಿಂತು ನೋಡುವುದು ಅನುಚಿತವಾಗಲಾರದು.

1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೂಡಿದ ವಿದ್ವದ್ಗೋಷ್ಠಿಯಿಂದ ಈ ಶಾಸ್ತ್ರದ ಗಣನೆ ಮೊದಲಾಗುತ್ತದೆ. ನಮ್ಮಲ್ಲಿ ಅದರ ಆರಂಭದ ಅಧ್ಯಾಯಗಳಲ್ಲೊಂದಕ್ಕೆ ಕನ್ನಡವೇ ನಾಂದಿಯಾಯಿತೆಂಬುದನ್ನು ನಾವು ಮರೆತಂತಿದೆ: ಕಾನ್ಪುರದ ಐಐಟಿಯಲ್ಲಿ ರಾಜೀವ ಸಂಗಲ್, ವಿನೀತ ಚೈತನ್ಯ ಮೊದಲಾದವರು ಪಾಣಿನಿಯ ವ್ಯಾಕರಣವನ್ನಾಶ್ರಯಿಸಿ ಕಟ್ಟಿದ 'ಅನುಸಾರಕ'ವು ಮೊದಲು ಅನುವಾದಿಸಿದುದು ಕನ್ನಡದಿಂದ ಹಿಂದಿಗೆ. 'ಮನೆಯಲ್ಲಿ' ಎಂಬುದನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸಿ 'ಘರ್ ಮೇಂ' ಎಂದು ಹೊಂದಿಸುವ ಆ ಕ್ರಮಕ್ಕೆ, ಕ್ರಿಯಾಪದವು ಎರಡೂ ನುಡಿಗಳಲ್ಲಿ ವಾಕ್ಯಾಂತ್ಯದಲ್ಲಿಯೇ ನಿಲ್ಲುವುದು ಅನುಕೂಲವಾಗಿತ್ತು. ಅನಂತರ ವ್ಯಾಕರಣದ ಸ್ಥಾನವನ್ನು ಪಠ್ಯರಾಶಿಯು ಆಕ್ರಮಿಸಿತು. ಗಣಕದಲ್ಲಿ ಬರಹ ಕಡಮೆಯಿದ್ದ ಕನ್ನಡ ಹಿಂದೆ ಬಿದ್ದು, ಗೂಗಲ್ ಅನುವಾದದಲ್ಲಿ 2011ರಲ್ಲಷ್ಟೆ ಪ್ರವೇಶ ಪಡೆಯಿತು.

ಈ ನಡುವೆ 'ಭೂಮಿ' ಯೋಜನೆಯು 67 ಲಕ್ಷ ರೈತರ ಪಹಣಿಗಳನ್ನು ಗಣಕಕ್ಕೇರಿಸಿತು; 2017ರಲ್ಲಿ ತೊಗರಿಯ ಬೆಲೆಯನ್ನು ಮುಂಗಾಣುವ ಪ್ರಯತ್ನಕ್ಕೆ ರಾಜ್ಯವು ಮೈಕ್ರೋಸಾಫ್ಟ್ ಸಂಸ್ಥೆಯೊಡನೆ ಕೈಜೋಡಿಸಿತು. ಇವು ಉಪಕಾರದ ಕೆಲಸಗಳೇ. ಆದರೆ ಕಾಗದಕ್ಕೆ ಬಾರದ ಜ್ಞಾನದ ಮಾತೇನು?

ನಮ್ಮ ಸೀಮೆಯ ಅಡಿಕೆಯನ್ನೇ ನೋಡಿ. ಬೆಟ್ಟೆ, ರಾಶಿ, ಗೊರಬಲು, ಸರಕು ಎಂದು ಹೋಳುಗಳನ್ನು ಆರಿಸುವ ಹೆಂಗಸಿನ ಕೈ, ನಾವು ಹೆಸರು ಹೇಳುವಷ್ಟರಲ್ಲಿ ನಾಲ್ಕನ್ನು ಬೇರೆ ಹಾಕಿರುತ್ತದೆ. ಸಹಸ್ರಾರು ಚಿತ್ರಗಳನ್ನು ತೋರಿಸಿ ಯಂತ್ರಕ್ಕೂ ಇದನ್ನು ಕಲಿಸಬಹುದು. ಆದರೆ ಯಾವ ಚಿತ್ರ ಬೆಟ್ಟೆ, ಯಾವುದು ರಾಶಿ ಎಂದು ಮೊದಲು ಹೇಳಿಕೊಡಬೇಕಾದವಳು, ನಾಳೆ ಆ ಯಂತ್ರದಿಂದಲೇ ಕೂಲಿ ಕಳೆದುಕೊಳ್ಳಬಹುದಾದ ಆ ಹೆಂಗಸೇ! ಗುರುವಿಗೆ ಸಲ್ಲಬೇಕಾದ ದಕ್ಷಿಣೆಯ ಲೆಕ್ಕದಲ್ಲಿ ಲೋಕವು ಏಕರೀತಿಯಾಗಿಲ್ಲ. ಕೀನ್ಯಾದಲ್ಲಿ ಚಾಟ್‌ಜಿಪಿಟಿಗಾಗಿ ಹೇಸಿಗೆಯ ಬರಹಗಳನ್ನು ಓದಿ ವಿಂಗಡಿಸಿದವರಿಗೆ ಗಂಟೆಗೆ 2 ಡಾಲರು ಸಹ ದೊರೆಯಲಿಲ್ಲ. ಚಾಮರಾಜನಗರ ಜಿಲ್ಲೆಯ ಆಲಹಳ್ಳಿ, ಚಿಲುಕವಾಡಿಗಳಲ್ಲಿ ಮೊಬೈಲಿನ ಮುಂದೆ ಕನ್ನಡ ವಾಕ್ಯಗಳನ್ನು ಓದಿದ ಹೆಂಗಸರಿಗಾದರೋ 'ಕಾರ್ಯ' ಸಂಸ್ಥೆಯು ಗಂಟೆಗೆ ಸುಮಾರು 5 ಡಾಲರು ಕೊಟ್ಟು, ಆ ಧ್ವನಿ ಮರುಮಾರಾಟವಾದರೆ ಅದರಲ್ಲಿಯೂ ಪಾಲನ್ನು ಒಪ್ಪಿತು.

2024ರಲ್ಲಿ ಕೇಂದ್ರ ಸರ್ಕಾರವು ಕೃತಕ ಬುದ್ಧಿಮತ್ತೆಗೆಂದು ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಯೋಜನೆಯನ್ನು ಅಂಗೀಕರಿಸಿತು. ಅದರ ದೊಡ್ಡ ಪಾಲು ಗಣಕಶಕ್ತಿಗೆ ಮೀಸಲು. ಒಲೆ ಬೇಕು, ನಿಜ. ಆದರೆ ಕೆಮ್ಮಣ್ಣುಗುಂಡಿಯ ಅದುರು ಹಗ್ಗದ ದಾರಿಯಲ್ಲಿ ತಣಿಗೆಬೈಲಿಗಿಳಿದು ಭದ್ರಾವತಿಗೆ ಬಂದಾಗ, ಅದು ಕರಗಿದ್ದು ಇಲ್ಲಿಯ ಕುಲುಮೆಯಲ್ಲಿ, ಅದರಿಂದ ಬೆಳೆದದ್ದು ಇಲ್ಲಿಯ ಊರು. ಚಿಮಣಿಯಿಲ್ಲದ ಈ ಕಾರ್ಖಾನೆಗೆ ನಮ್ಮ ನುಡಿಯನ್ನೂ ಕೈಚಳಕವನ್ನೂ ಒಯ್ಯುವವರು, ಕೊಟ್ಟವರ ಕೈಗೆ ಮೊದಲೊಂದು ರಶೀದಿ ಬರೆದುಕೊಡಲಿ.