ಜಾಗಟೆ, ಮದ್ದಳೆ, ಚೆಂಡೆ: ಕಾಸರಗೋಡಿನ ಹಿಮ್ಮೇಳದಲ್ಲಿ ಬಹುವಾದ್ಯ ವಿದ್ಯೆಯ ಇತಿಹಾಸ

ತೆಂಕುತಿಟ್ಟು ಯಕ್ಷಗಾನದ ಕುರಿತ ಅಧ್ಯಯನಗಳಲ್ಲಿ ಪ್ರಸಂಗಕರ್ತರಿಗೂ ವೇಷಧಾರಿಗಳಿಗೂ ಅರ್ಥಧಾರಿಗಳಿಗೂ ದೊರೆತ ಸ್ಥಾನವು ಹಿಮ್ಮೇಳದ ಕಲಾವಿದರಿಗೆ ದೊರೆತಿಲ್ಲ. ದೊರೆತಲ್ಲಿಯೂ ಭಾಗವತನನ್ನು ಹಾಡುಗಾರನೆಂದು, ಉಳಿದವರನ್ನು ಅವನ ಪಕ್ಕವಾದ್ಯದವರೆಂದು ಬೇರ್ಪಡಿಸಿ ನೋಡುವುದೇ ರೂಢಿಯಾಗಿದೆ. ಕಾಸರಗೋಡು ಜಿಲ್ಲೆ ಹಾಗೂ ಅದಕ್ಕೆ ತಾಗಿದ ವಿಟ್ಲ ಸೀಮೆಯ ಹಿಮ್ಮೇಳ ಪರಂಪರೆಯನ್ನು ಗಮನಿಸಿದರೆ ಈ ವಿಭಜನೆ ನಿಲ್ಲುವುದಿಲ್ಲ. ಇಲ್ಲಿ ಹಾಡು ಮತ್ತು ಬಡಿತಗಳು ಒಂದೇ ವಿದ್ಯೆಯ ಎರಡು ಮುಖಗಳಾಗಿ ಬೆಳೆದಿದ್ದು, ಒಂದಕ್ಕಿಂತ ಹೆಚ್ಚು ವಾದ್ಯಗಳನ್ನು ಬಲ್ಲವನನ್ನೇ ಪೂರ್ಣ ಹಿಮ್ಮೇಳದವನೆಂದು ಎಣಿಸಲಾಗಿದೆ.

ಹಿಮ್ಮೇಳವೆಂದರೆ ವೇಷಗಳು ಕುಣಿಯುವ ಮುಮ್ಮೇಳದ ಹಿಂದೆ ಇರುವ ಹಾಡು ಮತ್ತು ವಾದ್ಯಗಳ ಮೇಳ. ತೆಂಕಿನಲ್ಲಿ ಭಾಗವತನು ಜಾಗಟೆಯನ್ನು, ಅಂದರೆ ಕೋಲಿನಿಂದ ಹೊಡೆಯುವ ಕಂಚಿನ ಚಿಕ್ಕ ತಟ್ಟೆಯನ್ನು, ಹಿಡಿದು ತಾಳವನ್ನೂ ಆಟದ ಗತಿಯನ್ನೂ ನಿಯಂತ್ರಿಸುತ್ತಾನೆ. ಮದ್ದಳೆಯು ಮಡಿಲಲ್ಲಿಟ್ಟು ಎರಡೂ ಕೈಗಳಿಂದ ನುಡಿಸುವ ವಾದ್ಯವಾಗಿದ್ದು, ಅದರ ಬಲ ಮುಚ್ಚಿಗೆಯನ್ನು, ಎಂದರೆ ಬಲಬದಿಯ ಚರ್ಮದ ಹೊದಿಕೆಯನ್ನು, ಭಾಗವತನ ಶ್ರುತಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಚೆಂಡೆಯನ್ನು ಹೆಗಲಿಗೆ ತೂಗಿಕೊಂಡು ನಿಂತು ಎರಡು ಕೋಲುಗಳಿಂದ ಬಾರಿಸುತ್ತಾರೆ. ಒಡ್ಡೋಲಗ, ಯುದ್ಧ, ರಾಕ್ಷಸ ಪಾತ್ರಗಳ ಪ್ರವೇಶ ಮೊದಲಾದ ಅಬ್ಬರದ ಸನ್ನಿವೇಶಗಳು ಅದರ ಪಾಲಿಗೆ ಬರುತ್ತವೆ. ಇವುಗಳ ಜೊತೆಗೆ ಚಕ್ರತಾಳ ಮತ್ತು ಶ್ರುತಿ ಇರುತ್ತವೆ. ಪದ್ಯ ಮುಗಿಯುವಲ್ಲಿ ಬರುವ ಬಿಡ್ತಿಗೆ ಎಂಬ ಮುಕ್ತಾಯದ ಬಡಿತವು ಈ ಎಲ್ಲ ಕೈಗಳೂ ಒಂದೇ ಕ್ಷಣದಲ್ಲಿ ಕೂಡಬೇಕಾದ ಜಾಗವಾದುದರಿಂದ, ಪಕ್ಕದವನ ವಾದ್ಯದ ಒಳಗನ್ನು ಅರಿಯದವನು ಅಲ್ಲಿ ತಪ್ಪುತ್ತಾನೆ.

ಈ ವಾದ್ಯಗಳ ಕೂಟದಲ್ಲಿಯೇ ಕಾಸರಗೋಡಿನ ಭೂಗೋಳವಿದೆ. ತೆಂಕಿನ ಚೆಂಡೆಯು ಕೇರಳದ ಚೆಂಡೆಯ ನಿಕಟ ಬಂಧು. ತೆಯ್ಯಂ, ಕಥಕಳಿ ಮತ್ತು ದೇವಾಲಯದ ಉತ್ಸವಗಳಲ್ಲಿ ಕೇಳುವ ಅದೇ ಗಟ್ಟಿ ನಾದ ಯಕ್ಷಗಾನದ ಬಯಲಿನಲ್ಲಿಯೂ ಕೇಳುತ್ತದೆ. ಮದ್ದಳೆಯಾದರೋ ಕಥಕಳಿಯವರು ಸೊಂಟಕ್ಕೆ ಕಟ್ಟಿಕೊಂಡು ನುಡಿಸುವ ದೊಡ್ಡ ಮದ್ದಳಂಗಿಂತ ಗಾತ್ರದಲ್ಲಿ ಚಿಕ್ಕದು, ನಾದದಲ್ಲಿ ಮೃದಂಗಕ್ಕೆ ಹತ್ತಿರ. ಕಥಕಳಿಯಲ್ಲಿ ಪ್ರಧಾನ ಹಾಡುಗಾರನ ಕೈಯ ಚೇಂಗಿಲ ಹಾಗೂ ತೆಂಕಿನ ಭಾಗವತನ ಜಾಗಟೆ ಒಂದೇ ಕುಲದವು. ಆದರೆ ಕಥಕಳಿಯಲ್ಲಿ ಹಾಡು, ಚೆಂಡೆ, ಮದ್ದಳಂಗಳು ಸಾಮಾನ್ಯವಾಗಿ ಬೇರೆ ಬೇರೆ ವಿದ್ಯೆಗಳಾಗಿ ಉಳಿದರೆ, ಕುಂಬಳೆ ಸೀಮೆಯ ಯಕ್ಷಗಾನದಲ್ಲಿ ಅವು ಒಬ್ಬನಿಂದ ಇನ್ನೊಬ್ಬನಿಗೆ ಸುಲಭವಾಗಿ ಕೈ ಬದಲಾಯಿಸಿದವು. ಈ ಸೀಮೆಯ ಪ್ರಸಂಗಕರ್ತನಾದ ಕುಂಬಳೆಯ ಪಾರ್ತಿಸುಬ್ಬನ ಕಾಲ ಮತ್ತು ಕೃತಿಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ ಮೊದಲಾದವರ ನಡುವೆ ಒಮ್ಮತ ಮೂಡಲಿಲ್ಲ. ಆ ಚರ್ಚೆಯು ಬಹುಮಟ್ಟಿಗೆ ಸಾಹಿತ್ಯದ ಸುತ್ತ ನಡೆದು, ಆ ಪದ್ಯಗಳನ್ನು ಹೊತ್ತು ತಂದ ಕೈಗಳ ಕಡೆಗೆ ಹೊರಳಲಿಲ್ಲವೆಂಬುದು ಖೇದದ ಸಂಗತಿ.

ಹಿಮ್ಮೇಳದಲ್ಲಿ ಬಹುವಾದ್ಯಗಾರನೆಂಬ ಬೇರೆ ಹೆಸರಿನ ಅಗತ್ಯವೇ ಬೀಳಲಿಲ್ಲ. ಇಡೀ ರಾತ್ರಿಯ ಆಟದಲ್ಲಿ ಕಲಿಯುವವನು ಚಕ್ರತಾಳದಿಂದ ತೊಡಗಿ, ಒತ್ತು ಮದ್ದಳೆಗೆ, ಅಂದರೆ ಮುಖ್ಯ ಮದ್ದಳೆಗೆ ಆಸರೆಯಾಗಿ ನುಡಿಯುವ ಎರಡನೆಯ ಮದ್ದಳೆಗೆ, ಕುಳಿತು, ಅನಂತರ ಚೆಂಡೆಯ ಕೋಲು ಹಿಡಿಯುತ್ತಿದ್ದನು. ಕಂಠವಿದ್ದವನು ಆಟದ ಆರಂಭದ ಪೂರ್ವರಂಗದಲ್ಲಿ ಹಾಡುವ ‘ಸಂಗೀತಗಾರ’ನಾಗಿ ಜಾಗಟೆಗೆ ಏರುತ್ತಿದ್ದನು. ಪತ್ತನಾಜೆಯ ಬಳಿಕ, ಎಂದರೆ ಬೇಸಗೆಯ ಕೊನೆಗೆ ತುಳುನಾಡಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ತಾಳಮದ್ದಳೆಗಳಿಗೆ ವೇಷವೂ ಬೇಡ, ದೊಡ್ಡ ತಂಡವೂ ಬೇಡವಾದುದರಿಂದ, ಮನೆಯ ಚಾವಡಿಯಲ್ಲಿ ಒಂದು ಪ್ರಸಂಗಕ್ಕೆ ಹಾಡಿ ಮತ್ತೊಂದಕ್ಕೆ ಮದ್ದಳೆ ನುಡಿಸಬಲ್ಲವನಿಗೆ ಬೇಡಿಕೆ ಹೆಚ್ಚು. ಮನೆತನಗಳೂ ಈ ವಿದ್ಯೆಯನ್ನು ಕಾಪಾಡಿದವು: ಪಡ್ರೆಯ ಬಲಿಪ ಮನೆತನವು ಭಾಗವತಿಕೆಯ ತನ್ನದೇ ಮಟ್ಟುಗಳನ್ನು ಉಳಿಸಿದರೆ, ಗಡಿಯಾಚೆಯ ಮಾಂಬಾಡಿ ಮನೆತನವು ನಾರಾಯಣ ಭಾಗವತ ಹಾಗೂ ಅವರ ಮಗ ಸುಬ್ರಹ್ಮಣ್ಯ ಭಟ್ಟರ ಮೂಲಕ ಹಾಡು, ಚೆಂಡೆ, ಮದ್ದಳೆ ಮೂರನ್ನೂ ಕಲಿಸುವ ಗುರುಪೀಠವಾಯಿತು.

ಈ ಕ್ರಮದ ಬಲವನ್ನು ತೋರಿಸುವ ಅತ್ಯಂತ ಸ್ಪಷ್ಟ ನಿದರ್ಶನವು ಅದರ ಹೊರಗಿನಿಂದ ಬಂದ ಕಲಾವಿದೆಯದು. ಮಧುವಾಹಿನಿಯ ದಡದಲ್ಲಿ ಮದನಂತೇಶ್ವರ ಸಿದ್ಧಿವಿನಾಯಕನ ಗುಡಿಯಿರುವ ಮಧೂರಿನಲ್ಲಿ 1947ರಲ್ಲಿ ಜನಿಸಿದ ಲೀಲಾವತಿ ಬೈಪಾಡಿತ್ತಾಯರು ಮೊದಲು ಕಲಿತದ್ದು ಕರ್ನಾಟಕ ಸಂಗೀತವನ್ನು. ಚೆಂಡೆ, ಮದ್ದಳೆಗಳೆರಡರಲ್ಲಿಯೂ ನುರಿತಿದ್ದ, ಭಾಗವತಿಕೆಯ ಮರ್ಮ ಬಲ್ಲ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾದ ಮೇಲೆ ಅವರು ಪತಿಯಿಂದಲೇ ಯಕ್ಷಗಾನದ ಹಾಡುಗಾರಿಕೆಯನ್ನು ಅಭ್ಯಾಸ ಮಾಡಿದರು. ರಾಗದ ಜ್ಞಾನವಿದ್ದ ಮಾತ್ರಕ್ಕೆ ಭಾಗವತಿಕೆ ಒಲಿಯುವುದಿಲ್ಲ. ಕುಣಿಯುವವನ ಹೆಜ್ಜೆಗೆ ಪದ್ಯವನ್ನು ಹಿಗ್ಗಿಸುವುದು, ಚೆಂಡೆಯ ಏರಿಕೆಗೆ ಕಂಠವನ್ನು ಕೊಡುವುದು, ಮಾತಿಗೆ ಎಡೆ ಬಿಡುವುದು ಇವೆಲ್ಲ ವಾದ್ಯದ ಕಡೆಯಿಂದ ಬರುವ ಪಾಠಗಳು. ಆ ಪಾಠವು ಒಂದೇ ಮನೆಯಲ್ಲಿ, ಎರಡೂ ವಾದ್ಯಗಳನ್ನು ಬಲ್ಲ ಒಬ್ಬರಿಂದಲೇ ದೊರೆತುದರಿಂದ, ಗಂಡಸರದೇ ಆಗಿದ್ದ ವೃತ್ತಿಮೇಳದ ರಂಗದಲ್ಲಿ ಒಬ್ಬ ಹೆಣ್ಣುಮಗಳು ರಾತ್ರಿಯಿಡೀ ಜಾಗಟೆ ಹಿಡಿದು ಆಟವನ್ನು ನಡೆಸುವುದು ಸಾಧ್ಯವಾಯಿತು. ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂಬ ಮನ್ನಣೆಗೆ ಪಾತ್ರರಾದ ಅವರು ಅಳದಂಗಡಿ ಮೇಳವೇ ಮೊದಲಾದ ತಿರುಗಾಟದ ಮೇಳಗಳಲ್ಲಿ ಪತಿಯ ಜೊತೆಯಲ್ಲಿ ದುಡಿದು, ಮುಂದೆ ಅನೇಕ ಶಿಷ್ಯರನ್ನು ತಯಾರು ಮಾಡಿದರು. 2023ರಲ್ಲಿ ಅವರಿಗೆ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಸಂದಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಸಾಧನೆಯನ್ನು ಸ್ತ್ರೀಕಂಠದ ವಿಶೇಷವೆಂದಷ್ಟೇ ಹೊಗಳುವುದು ಸಾಲದು. ಅದು ಬಹುವಾದ್ಯ ಗುರುತ್ವದ ಫಲವೂ ಹೌದು.

ಇಂದು ಆಟಗಳು ಕಾಲಮಿತಿಗೆ ಒಳಪಟ್ಟು ಸಂಜೆ ತೊಡಗಿ ನಡುರಾತ್ರಿಗೆ ಮುಗಿಯುವ ಪದ್ಧತಿ ಬೆಳೆಯುತ್ತಿರುವಾಗ, ಮೊದಲು ಕುಗ್ಗುವುದು ಪೂರ್ವರಂಗ. ವೇಷಗಳಿಗೆ ಅದರಿಂದಾಗುವ ನಷ್ಟವನ್ನು ಕುರಿತು ಸಾಕಷ್ಟು ಮಾತು ನಡೆದಿದೆ. ಆದರೆ ಹೊಸಬನೊಬ್ಬನು ತಪ್ಪಿದರೂ ಆಟ ಕೆಡದಂತಹ, ಒತ್ತು ಮದ್ದಳೆಯಿಂದ ಚೆಂಡೆಗೆ, ಚೆಂಡೆಯಿಂದ ಜಾಗಟೆಗೆ ಕೈ ಬದಲಾಯಿಸಿ ನೋಡಬಹುದಾಗಿದ್ದ ಆ ಮುನ್ನಿರುಳಿನ ಗಂಟೆಗಳು ಹಿಮ್ಮೇಳಕ್ಕೆ ಪಾಠಶಾಲೆಯೇ ಆಗಿದ್ದವು. ತರಗತಿಗಳಲ್ಲಿ ಒಂದೊಂದೇ ವಾದ್ಯವನ್ನು ಕಲಿತು ಬರುವ ಈಗಿನ ತರುಣ ತರುಣಿಯರಿಗೆ ಆ ಗಂಟೆಗಳನ್ನು ರಂಗದ ಮೇಲೆ ಎಲ್ಲಿ ಒದಗಿಸುವುದೆಂಬುದನ್ನು ಮೇಳಗಳು ಇನ್ನೂ ತೀರ್ಮಾನಿಸಬೇಕಾಗಿದೆ.